ಮುಗಿಲಿನಾಚೆಯ ವಿದ್ಯುತ್ ಹೊಳೆಗಳು

ನಾರ್ವೆ ದೇಶದ ಉತ್ತರದ ತುದಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಹಾಲ್ಡೆ ಎಂಬ ಬೋಳು ಬೆಟ್ಟವೊಂದಿದೆ. ಚಳಿಗಾಲದಲ್ಲಿ ಸುಮಾರು ಎರಡು ತಿಂಗಳ ಕಾಲ ಅಲ್ಲಿ ಸೂರ್ಯನು ಮುಖ ತೋರಿಸುವುದಿಲ್ಲ. ಬೀಸುವ ಗಾಳಿಯ ಬಿರುಸಿಗೆ ನಿಂತ ಮನುಷ್ಯ ನಿಂತಲ್ಲಿ ನಿಲ್ಲಲಾರ. ಇಂತಹ ಜಾಗದಲ್ಲಿ 1899ರಲ್ಲಿ ಕಲ್ಲಿನ ಮನೆಯೊಂದನ್ನು ಕಟ್ಟಿಸಿ, ಕೆಲವು ತರುಣರನ್ನು ಕೂಡಿಕೊಂಡು, ಒಂದು ಇಡೀ ಚಳಿಗಾಲವನ್ನು ಅಲ್ಲಿ ಕಳೆಯಲು ಹೊರಟವನು ಕ್ರಿಸ್ಟಿಯಾನಿಯ ವಿಶ್ವವಿದ್ಯಾಲಯದ ಪ್ರೊಫೆಸರ್ ಕ್ರಿಸ್ಟಿಯಾನ್ ಬಿರ್ಕೆಲಂಡ್. ಆಗ ಆತನಿಗೆ ಮೂವತ್ತೆರಡು ವರ್ಷವೂ ತುಂಬಿರಲಿಲ್ಲ.

ಆತ ಅಲ್ಲಿಗೆ ಹೋದದ್ದು ಬೆಳಕನ್ನು ನೋಡಲು. ಧ್ರುವಪ್ರದೇಶದ ರಾತ್ರಿಯಲ್ಲಿ ಆಕಾಶದ ತುಂಬ ಹಸಿರು, ಕೆಂಪು, ನೇರಿಳೆ ಬಣ್ಣದ ಪರದೆಗಳನ್ನು ಇಳಿಬಿಟ್ಟಂತೆ ಕಾಣುವ ಆ ಬೆಳಕಿಗೆ ಅರೋರಾ, ಅಂದರೆ ಧ್ರುವಪ್ರಭೆ ಎಂದು ಹೆಸರು. ಸಾವಿರಾರು ವರ್ಷಗಳಿಂದ ಜನ ಅದನ್ನು ನೋಡಿ ಬೆರಗಾಗಿದ್ದರು, ಹೆದರಿದ್ದರು, ಕತೆ ಕಟ್ಟಿದ್ದರು. ಬಿರ್ಕೆಲಂಡನ ಗಮನ ಸೆಳೆದ ಸಂಗತಿ ಬೇರೆ. ಆಕಾಶದಲ್ಲಿ ಆ ಪರದೆ ಅಲುಗಿದಾಗಲೆಲ್ಲ ಮನೆಯೊಳಗೆ, ಗಾಜಿನ ಪೆಟ್ಟಿಗೆಯಲ್ಲಿ ನವಿರು ದಾರಕ್ಕೆ ತೂಗಿಬಿಟ್ಟ ಕಾಂತದ ಸೂಜಿಯೂ ನಡುಗುತ್ತಿತ್ತು. ಸೂಜಿಯನ್ನು ಮುಟ್ಟುವ ಗಾಳಿಯಿಲ್ಲ, ಕೈಯಿಲ್ಲ. ಕಾಂತದ ಸೂಜಿಯನ್ನು ದೂರದಿಂದ ಅಲುಗಿಸಬಲ್ಲದ್ದು ಇನ್ನೊಂದು ಕಾಂತ, ಇಲ್ಲವೇ ವಿದ್ಯುತ್ ಪ್ರವಾಹ. ಹಾಗಾದರೆ ಆ ಕತ್ತಲೆಯ ಆಕಾಶದಲ್ಲಿ ವಿದ್ಯುತ್ತನ್ನು ಹರಿಸುತ್ತಿರುವವರು ಯಾರು?

ಈ ಪ್ರಶ್ನೆಗೆ ಬೆಲೆ ತೆರಬೇಕಾಯಿತು. ಆ ಚಳಿಗಾಲ ಮುಗಿಯುವ ಮೊದಲೇ ತಂಡದ ತರುಣನೊಬ್ಬ ಹಿಮದ ಕುಸಿತಕ್ಕೆ ಸಿಕ್ಕಿ ಪ್ರಾಣ ಬಿಟ್ಟನು. ಬಿರ್ಕೆಲಂಡ್ ಕೆಲಸ ನಿಲ್ಲಿಸಲಿಲ್ಲ. 1902-03ರಲ್ಲಿ ಉತ್ತರ ನಾರ್ವೆ, ಐಸ್‌ಲೆಂಡ್, ಸ್ಪಿಟ್ಸ್‌ಬರ್ಗೆನ್, ನೊವಾಯಾ ಜೆಮ್ಲಿಯಾ ಈ ನಾಲ್ಕು ಕಡೆ ಏಕಕಾಲಕ್ಕೆ ಠಾಣ್ಯಗಳನ್ನು ಹೂಡಿ, ನಾಲ್ಕರಲ್ಲೂ ಸೂಜಿಗಳ ಚಲನೆಯನ್ನು ಕಾಗದದ ಮೇಲೆ ಮೂಡಿಸಿಕೊಂಡನು. ನಾಲ್ಕು ಕಡೆಯ ಬರಹಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದಾಗ ಆತನಿಗೆ ಕಂಡದ್ದು ಇದು: ಪ್ರವಾಹವು ಬಹು ಎತ್ತರದಿಂದ ಭೂಮಿಯ ಕಾಂತರೇಖೆಗಳ ಗುಂಟ ಕೆಳಗಿಳಿಯುತ್ತದೆ, ವಾಯುಮಂಡಲದ ಮೇಲ್ಪದರದಲ್ಲಿ ಒಂದಷ್ಟು ದೂರ ಅಡ್ಡಲಾಗಿ ಹರಿಯುತ್ತದೆ, ಮತ್ತೆ ಅದೇ ಬಗೆಯ ರೇಖೆಗಳ ಗುಂಟ ಮೇಲಕ್ಕೇರಿ ಹೋಗುತ್ತದೆ. ಇದರ ಮೂಲ ಸೂರ್ಯ.

1908ರಲ್ಲಿ ಈ ವಿಚಾರವು ದೊಡ್ಡ ಗ್ರಂಥವಾಗಿ ಹೊರಬಂದಿತು. ಹತ್ತಿರ ಹತ್ತಿರ ಅರವತ್ತು ವರ್ಷ ಅದನ್ನು ನಂಬಿದವರು ಕೆಲವೇ ಮಂದಿ.

ಗಾಜಿನ ಪೆಟ್ಟಿಗೆಯ ಭೂಮಿ

ಬಿರ್ಕೆಲಂಡನು ಬರಿಯ ವಾದ ಮಾಡಿ ಕುಳಿತವನಲ್ಲ. ಚಿಕ್ಕದೊಂದು ಲೋಹದ ಗೋಳವನ್ನು ಮಾಡಿಸಿ, ಅದರೊಳಗೆ ವಿದ್ಯುತ್ಕಾಂತವನ್ನಿಟ್ಟು, ಮೇಲೆ ಕಿರಣ ತಾಗಿದರೆ ಹೊಳೆಯುವ ಬಣ್ಣವನ್ನು ಬಳಿದು, ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ ತೂಗಿಬಿಟ್ಟನು. ಅದೇ ಆತನ ಪುಟ್ಟ ಭೂಮಿ. ಪೆಟ್ಟಿಗೆಯ ಒಂದು ಬದಿಯಿಂದ ಎಲೆಕ್ಟ್ರಾನುಗಳ ಕಿರಣವನ್ನು ಅದರತ್ತ ಹಾಯಿಸಿದಾಗ, ಗೋಳದ ಎರಡು ಧ್ರುವಗಳ ಸುತ್ತಲೂ ಬೆಳಕಿನ ಬಳೆಗಳು ಮೂಡಿದವು. ಧ್ರುವದ ನೆತ್ತಿಯ ಮೇಲಲ್ಲ, ಅದರಿಂದ ತುಸು ಕೆಳಗೆ, ನಿಜವಾದ ಧ್ರುವಪ್ರಭೆ ಹೆಚ್ಚಾಗಿ ಕಾಣುವ ಜಾಗದಲ್ಲಿಯೇ!

ಇಂತಹ ಪ್ರಯೋಗಗಳಿಗೆ ಹಣ ಬೇಕು. ಹಣಕ್ಕಾಗಿ ಆತ ವಿದ್ಯುತ್ಕಾಂತದ ಬಲದಿಂದ ಗುಂಡು ಹಾರಿಸುವ ಫಿರಂಗಿಯೊಂದನ್ನು ಕಂಡುಹಿಡಿದನು. 1903ರ ಫೆಬ್ರವರಿಯಲ್ಲಿ, ಗಣ್ಯರಿಂದ ತುಂಬಿದ ಸಭಾಂಗಣದಲ್ಲಿ ಅದರ ಪ್ರದರ್ಶನ ನಡೆಯಿತು. ಸದ್ದಿಲ್ಲದೆ ಗುಂಡು ಹಾರಬೇಕಾಗಿದ್ದ ಫಿರಂಗಿಯಲ್ಲಿ ವಿದ್ಯುತ್ತಿನ ಅಡ್ಡಹರಿವಾಗಿ ಕಿವಿಗಡಚಿಕ್ಕುವ ಸದ್ದು, ಕಣ್ಣು ಕೋರೈಸುವ ಉರಿ, ಸಭಿಕರು ಗಾಬರಿಯಾದರು. ಫಿರಂಗಿಯ ವ್ಯಾಪಾರ ಅಲ್ಲಿಗೆ ಮುಗಿಯಿತು. ಆದರೆ ಆ ಉರಿಯೇ ಬಿರ್ಕೆಲಂಡನ ಕೈಹಿಡಿಯಿತು. ಕಾಂತಕ್ಷೇತ್ರದಲ್ಲಿ ಹರಡಿಕೊಳ್ಳುವ ಅಂತಹ ವಿದ್ಯುತ್ ಜ್ವಾಲೆಯ ಮೂಲಕ ಗಾಳಿಯನ್ನು ಹಾಯಿಸಿದರೆ ಅದರಲ್ಲಿನ ಸಾರಜನಕವನ್ನು ಹಿಡಿದು ಗೊಬ್ಬರ ತಯಾರಿಸಬಹುದೆಂದು, ಸಾಮ್ ಐಡೆ ಎಂಬ ಎಂಜಿನಿಯರನೊಡನೆ ಸೇರಿ ತೋರಿಸಿಕೊಟ್ಟನು. ಆ ವಿಧಾನವನ್ನು ನಂಬಿ 1905ರಲ್ಲಿ ಹುಟ್ಟಿದ್ದೇ ನಾರ್ಸ್ಕ್ ಹೈಡ್ರೋ ಕಂಪೆನಿ. ಗೊಬ್ಬರದಿಂದ ಬಂದ ಹಣವು ಮೊದಲಿಗಿಂತ ಬಹು ದೊಡ್ಡ ಗಾಜಿನ ಪೆಟ್ಟಿಗೆಗಳಾಗಿ ಕರಗಿತು.

ಮನುಷ್ಯ ಮಾತ್ರ ದಿನೇ ದಿನೇ ಸೋತನು. ಮದುವೆ ಬಹುಕಾಲ ನಿಲ್ಲಲಿಲ್ಲ. ನಿದ್ರೆ ಬಾರದಾಯಿತು, ಔಷಧದ ಅಭ್ಯಾಸ ಅಂಟಿಕೊಂಡಿತು. ಈಜಿಪ್ಟಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಸುತ್ತುದಾರಿ ಹಿಡಿದು ಜಪಾನಿನ ಮೂಲಕ ಊರು ಸೇರಬೇಕೆಂದು ಹೊರಟವನು, 1917ರ ಜೂನ್ 15ರಂದು ಟೋಕಿಯೊದ ಹೋಟೆಲ್ ಕೋಣೆಯೊಂದರಲ್ಲಿ ಶವವಾಗಿ ಸಿಕ್ಕಿದನು. ನಿದ್ರೆಗಾಗಿ ನುಂಗುತ್ತಿದ್ದ ವೆರೊನಾಲ್ ಮಿತಿಮೀರಿತ್ತು. ಆಗ ಆತನಿಗೆ 49 ವರ್ಷ. ನೊಬೆಲ್ ಪಾರಿತೋಷಕಕ್ಕೆ ಏಳು ಬಾರಿ ಆತನ ಹೆಸರು ಸೂಚಿತವಾಗಿತ್ತು, ಒಮ್ಮೆಯೂ ದೊರೆಯಲಿಲ್ಲ.

ಎರಡು ವಾದ, ಒಂದೇ ಸೂಜಿ

ಬಿರ್ಕೆಲಂಡನ ವಾದವನ್ನು ಪಂಡಿತರು ಒಪ್ಪದಿರಲು ಬರಿಯ ಹಟವೇ ಕಾರಣವಲ್ಲ. ಸೂರ್ಯನಿಂದ ಬರಿಯ ಎಲೆಕ್ಟ್ರಾನುಗಳೇ ಹೊರಟರೆ, ಒಂದೇ ಜಾತಿಯ ವಿದ್ಯುತ್ತುಳ್ಳ ಅವು ಒಂದನ್ನೊಂದು ತಳ್ಳಿಕೊಂಡು ದಾರಿಯಲ್ಲಿಯೇ ಚೆದುರಿಹೋಗಬೇಕು ಎಂದು ಶೂಸ್ಟರ್ ಎಂಬ ವಿಜ್ಞಾನಿ ಲೆಕ್ಕ ತೋರಿಸಿದನು. ಆ ಆಕ್ಷೇಪ ಸರಿಯಾಗಿಯೇ ಇತ್ತು. ಮುಂದೆ ಇಂಗ್ಲೆಂಡಿನ ಸಿಡ್ನಿ ಚಾಪ್‌ಮನ್ ಈ ಕ್ಷೇತ್ರದ ಹಿರಿಯನಾದನು. ಧ್ರುವಗಳ ಬಳಿ ಸೂಜಿಯನ್ನು ಅಲುಗಿಸುವ ಪ್ರವಾಹವು ಎಲ್ಲಿಂದಲೋ ಇಳಿದುಬರುವುದಲ್ಲ, ನೂರು ಕಿಲೋಮೀಟರ್ ಎತ್ತರದ ವಾಯುಪದರದಲ್ಲಿಯೇ ಸುತ್ತಿ ಸುಳಿಯುವಂಥದು ಎಂಬುದು ಆತನ ಮತ. ಸ್ವೀಡನ್ನಿನ ಹಾನೆಸ್ ಆಲ್ಫ್‌ವೆನ್ ಬಿರ್ಕೆಲಂಡನ ಪರವಾಗಿ ನಿಂತು ವರ್ಷಗಟ್ಟಲೆ ವಾದಿಸಿದರೂ ಪ್ರಯೋಜನವಾಗಲಿಲ್ಲ.

ಜಗಳ ತೀರದಿರಲು ಒಂದು ವಿಚಿತ್ರ ಕಾರಣವಿತ್ತು. ನೆಲದ ಮೇಲಿಟ್ಟ ಸೂಜಿಗೆ ಈ ಎರಡು ಬಗೆಯ ಪ್ರವಾಹಗಳೂ ಒಂದೇ ರೀತಿಯಲ್ಲಿ ಕಾಣಬಲ್ಲವು! ಅಟ್ಟದ ಮೇಲಿನ ಹೆಜ್ಜೆಯ ಸದ್ದನ್ನು ಕೆಳಗೆ ಕುಳಿತು ಕೇಳುವವನು, ನಡೆಯುತ್ತಿರುವವನು ಮನೆಯವನೋ ಏಣಿ ಹಾಕಿ ಬಂದವನೋ ಎಂದು ಹೇಗೆ ಹೇಳಿಯಾನು? ಅಟ್ಟ ಹತ್ತಿಯೇ ನೋಡಬೇಕು.

ಅಟ್ಟ ಹತ್ತುವ ಕಾಲ ಬಂದದ್ದು ಉಪಗ್ರಹಗಳಿಂದ. 1963ರಲ್ಲಿ ಅಮೆರಿಕದ ನೌಕಾದಳವು ಸುಮಾರು 1,100 ಕಿಲೋಮೀಟರ್ ಎತ್ತರಕ್ಕೆ ಹಾರಿಸಿದ ಉಪಗ್ರಹವೊಂದರಲ್ಲಿ ಕಾಂತಮಾಪಕವಿತ್ತು. ಧ್ರುವಪ್ರಭೆಯ ವಲಯವನ್ನು ದಾಟುವಾಗಲೆಲ್ಲ ಅದರ ಸೂಚಿ ಅಡ್ಡಕ್ಕೆ ವಾಲುತ್ತಿತ್ತು. ಆಲ್ಫ್ರೆಡ್ ಜ್ಮುಡಾ ಮತ್ತು ಸಂಗಡಿಗರು 1966ರಲ್ಲಿ ಇದನ್ನು ಪ್ರಕಟಿಸಿದಾಗ ಇದಾವುದೋ ಅಲೆಯಿರಬೇಕೆಂದೇ ಬಗೆದಿದ್ದರು. ಮರುವರ್ಷ ಕಮಿಂಗ್ಸ್ ಮತ್ತು ಡೆಸ್ಲರ್ ಎಂಬಿಬ್ಬರು, ಇದು ಅಲೆಯಲ್ಲ, ಬಿರ್ಕೆಲಂಡ್ ಹೇಳಿದ್ದ ಪ್ರವಾಹವೇ ಎಂದು ತೋರಿಸಿದರು. ಟೋಕಿಯೊದಲ್ಲಿ ಆತ ಸತ್ತು ಸರಿಯಾಗಿ ಐವತ್ತು ವರ್ಷವಾಗಿತ್ತು. ಇಂದು ಆ ಪ್ರವಾಹಗಳಿಗೆ ಬಿರ್ಕೆಲಂಡ್ ಪ್ರವಾಹಗಳೆಂದೇ ಹೆಸರು. 1994ರಲ್ಲಿ ನಾರ್ವೆ ಸರ್ಕಾರವು ತನ್ನ 200 ಕ್ರೋನರ್ ನೋಟಿನ ಮೇಲೆ ಆತನ ಮುಖವನ್ನು ಅಚ್ಚು ಹಾಕಿಸಿತು. ಪ್ರಯೋಗಕ್ಕೆ ಹಣ ಸಾಲದೆ ಫಿರಂಗಿ ಮಾರಲು ಹೊರಟವನ ಮುಖ ನೋಟಿನ ಮೇಲೆ ಬಂದದ್ದು ಹೀಗೆ.

ಸೂರ್ಯನ ಗಾಳಿ

ಸೂರ್ಯನಿಂದ ಏನೋ ಒಂದು ಹೊರಟು ಬರುತ್ತದೆಂದು ಬಿರ್ಕೆಲಂಡ್ ಹೇಳಿದ್ದನಷ್ಟೆ. ಅದೇನು? 1951ರಲ್ಲಿ ಜರ್ಮನಿಯ ಬೀರ್ಮನ್, ಧೂಮಕೇತುಗಳ ಬಾಲವು ಸದಾ ಸೂರ್ಯನಿಗೆ ವಿಮುಖವಾಗಿ ಚಾಚಿಕೊಳ್ಳುವುದನ್ನು ನೋಡಿ, ಸೂರ್ಯನಿಂದ ಎಡೆಬಿಡದೆ ಕಣಗಳು ಹೊಮ್ಮುತ್ತಿರಬೇಕೆಂದನು. 1958ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಪಾರ್ಕರ್ ಎಂಬ ತರುಣನು ಲೆಕ್ಕ ಹಾಕಿ, ಸೂರ್ಯನ ಹೊರಕವಚದ ಕಾವೇ ಅಂತಹ ಗಾಳಿಯನ್ನು ಶಬ್ದಕ್ಕಿಂತ ವೇಗವಾಗಿ ಹೊರಕ್ಕಟ್ಟುತ್ತದೆಂದು ಬರೆದನು. ಲೇಖನವನ್ನು ಪರಿಶೀಲಿಸಿದ ಇಬ್ಬರು ಪಂಡಿತರೂ ಅದನ್ನು ತಿರಸ್ಕರಿಸಿದರು. ಆ ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮವರೇ ಆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು. ಲೇಖನದ ವಿಚಾರ ಅವರಿಗೂ ಹಿಡಿಸಿರಲಿಲ್ಲ. ಆದರೆ ಗಣಿತದಲ್ಲಿ ತಪ್ಪು ಕಾಣದಿದ್ದ ಮೇಲೆ ತಡೆಹಿಡಿಯಲು ತಮಗೇನು ಅಧಿಕಾರವೆಂದು ಅಚ್ಚು ಹಾಕಿಸಿದರು. ಸಂಪಾದಕರೆಂದರೆ ಹೀಗಿರಬೇಕು! 1959ರಲ್ಲಿ ರಷ್ಯದ ಲೂನಾ ನೌಕೆಯೂ, 1962ರಲ್ಲಿ ಶುಕ್ರಗ್ರಹದ ಕಡೆಗೆ ಹೊರಟ ಅಮೆರಿಕದ ಮ್ಯಾರಿನರ್-2 ನೌಕೆಯೂ ಆ ಗಾಳಿಯನ್ನು ಕಣ್ಣಾರೆ ಕಂಡಂತೆ ಅಳೆದುಕೊಟ್ಟವು.

ಗಾಳಿಯೆಂದರೆ ಉಸಿರಾಡುವ ಗಾಳಿಯಲ್ಲ. ಒಂದು ಬೆರಳ ಗೆಣ್ಣಿನಷ್ಟು ಜಾಗದಲ್ಲಿ ಐದಾರು ಕಣಗಳಿದ್ದರೆ ಹೆಚ್ಚು. ಆದರೆ ಪ್ರತಿ ಕಣವೂ ವಿದ್ಯುತ್ತಿನಿಂದ ಕೂಡಿದುದು, ಪ್ರೋಟಾನುಗಳಷ್ಟೇ ಎಲೆಕ್ಟ್ರಾನುಗಳು. ಎರಡೂ ಸಮಸಮವಾಗಿರುವುದರಿಂದಲೇ ಶೂಸ್ಟರನ ಆಕ್ಷೇಪ ಇದಕ್ಕೆ ತಗಲುವುದಿಲ್ಲ. ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರು ದಾಟಿ ಕಡಲಿಗಿಳಿಯಲು ಅದಕ್ಕೆ ಒಂದು ಸೆಕೆಂಡು ಸಾಕು. ಹೀಗೆ ಬಂದರೂ ಸೂರ್ಯನಿಂದ ಭೂಮಿಯವರೆಗಿನ 15 ಕೋಟಿ ಕಿಲೋಮೀಟರನ್ನು ಕ್ರಮಿಸಲು ನಾಲ್ಕು ದಿನ ಹಿಡಿಯುತ್ತದೆ.

ಭೂಮಿಯಾದರೋ ಸುತ್ತಲೂ ಕಾಂತಕ್ಷೇತ್ರದ ಬೇಲಿ ಹಾಕಿಕೊಂಡು ಕುಳಿತಿದೆ. ಸೂರ್ಯನ ಕಡೆಗೆ ಭೂಮಿಯ ಕೇಂದ್ರದಿಂದ ಸುಮಾರು 65,000 ಕಿಲೋಮೀಟರ್ ದೂರದಲ್ಲಿ ಗಾಳಿಗೂ ಬೇಲಿಗೂ ಮುಖಾಮುಖಿ. ಅಲ್ಲಿ ನಡೆಯುವುದು ಸ್ವಾರಸ್ಯವಾದುದು. ಕಾಂತಕ್ಷೇತ್ರದೊಳಕ್ಕೆ ನುಗ್ಗಿದ ವಿದ್ಯುತ್ಕಣವು ನೇರವಾಗಿ ಹೋಗಲಾರದು, ಬಳಸಿಕೊಂಡು ತಿರುಗುತ್ತದೆ. ಪ್ರೋಟಾನುಗಳು ಒಂದು ಕಡೆಗೆ ತಿರುಗಿದರೆ ಎಲೆಕ್ಟ್ರಾನುಗಳು ಅದಕ್ಕೆ ಎದುರು ಕಡೆಗೆ. ಅರ್ಧ ಸುತ್ತು ಹಾಕಿ ಎರಡೂ ಬಂದ ದಾರಿಗೆ ಹಿಂದಿರುಗುತ್ತವೆ. ಆದರೆ ಆ ಅರ್ಧ ಸುತ್ತಿನಲ್ಲಿ ಧನವಿದ್ಯುತ್ತು ಒಂದು ಪಕ್ಕಕ್ಕೂ ಋಣವಿದ್ಯುತ್ತು ಇನ್ನೊಂದು ಪಕ್ಕಕ್ಕೂ ಸರಿದುಹೋಗಿರುತ್ತದೆ. ವಿದ್ಯುತ್ ಪ್ರವಾಹವೆಂದರೆ ಇದೇ ಅಲ್ಲವೇ? ತಂತಿಯಿಲ್ಲ, ಬ್ಯಾಟರಿಯಿಲ್ಲ, ಬೇಲಿಯ ಉದ್ದಕ್ಕೂ, ಭೂಮಿಯ ಬೆಳಗಿನ ಪಕ್ಕದಿಂದ ಸಂಜೆಯ ಪಕ್ಕಕ್ಕೆ, ಹಾಳೆಯಂತೆ ಹರಡಿದ ಪ್ರವಾಹವೊಂದು ಹರಿಯುತ್ತದೆ. ಈ ಹಾಳೆಗೆ ತನ್ನದೇ ಕಾಂತಪ್ರಭಾವವುಂಟು. ಅದು ಸೂರ್ಯನ ಕಡೆಗೆ ಭೂಮಿಯ ಕ್ಷೇತ್ರವನ್ನು ಅಳಿಸಿಹಾಕುತ್ತದೆ. ಭೂಮಿಯ ಕಡೆಗೆ ಅದನ್ನು ಇಮ್ಮಡಿಗೊಳಿಸುತ್ತದೆ. ಬೇಲಿಯನ್ನು ಬೇಲಿಯಾಗಿ ನಿಲ್ಲಿಸಿರುವುದು ಈ ಪ್ರವಾಹವೇ. ಇದನ್ನು 1930-31ರಲ್ಲಿ, ಯಾವ ಉಪಗ್ರಹದ ನೆರವೂ ಇಲ್ಲದೆ, ಕಾಗದ ಪೆನ್ಸಿಲಿನಿಂದ ಕಂಡವನು ಬಿರ್ಕೆಲಂಡನ ವಿರೋಧಿಯೆನಿಸಿದ ಅದೇ ಚಾಪ್‌ಮನ್; ಜೊತೆಗಿದ್ದವನು ಆತನ ಶಿಷ್ಯ ಫೆರಾರೊ. ಒಬ್ಬನು ಬೇಲಿಯ ಪ್ರವಾಹವನ್ನು ಕಂಡನು, ಇನ್ನೊಬ್ಬನು ಬೇಲಿಯಿಂದ ಮನೆಗಿಳಿಯುವ ಪ್ರವಾಹವನ್ನು ಕಂಡನು.

ಬೇಲಿಯಲ್ಲಿ ಗಿಂಡಿಯೂ ಉಂಟು. ಸೂರ್ಯನ ಗಾಳಿಯು ತನ್ನೊಡನೆ ತುಸು ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಅದು ಉತ್ತರಕ್ಕೆ ಮುಖ ಮಾಡಿದ್ದರೆ ಚಿಂತೆಯಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ್ದರೆ, ಭೂಮಿಯ ಕ್ಷೇತ್ರಕ್ಕೆ ತದ್ವಿರುದ್ಧವಾದ ಆ ರೇಖೆಗಳು ಭೂಮಿಯ ರೇಖೆಗಳೊಡನೆ ಕಡಿದು ಕೂಡಿಕೊಳ್ಳುತ್ತವೆ; ಗಾಳಿಯ ಶಕ್ತಿ ಒಳಕ್ಕೆ ಬರುತ್ತದೆ. ಆಗ ಬಿರ್ಕೆಲಂಡ್ ಪ್ರವಾಹಗಳು ಉಕ್ಕೇರುತ್ತವೆ: ಬೆಳಗಿನ ಪಕ್ಕದಲ್ಲಿ ಇಳಿದು, ಸಂಜೆಯ ಪಕ್ಕದಲ್ಲಿ ಏರಿ. ಮನೆಯ ಇಸ್ತ್ರಿಪೆಟ್ಟಿಗೆಗೆ ನಾಲ್ಕೈದು ಆಂಪಿಯರ್ ಸಾಕು. ಇಲ್ಲಿ ಹರಿಯುವುದು ಹತ್ತಾರು ಲಕ್ಷ ಆಂಪಿಯರ್. ಪ್ರವಾಹ ಮೇಲೇರುವಲ್ಲಿ ಎಲೆಕ್ಟ್ರಾನುಗಳು ಕೆಳಕ್ಕೆ ಧುಮುಕಿ ವಾಯುಮಂಡಲದ ಆಮ್ಲಜನಕವನ್ನೂ ಸಾರಜನಕವನ್ನೂ ಬಡಿಯುತ್ತವೆ. ಆ ಹೊಡೆತದ ಬೆಳಕೇ ಧ್ರುವಪ್ರಭೆ. ಹಸಿರು ನೂರು ಕಿಲೋಮೀಟರಿನ ಆಸುಪಾಸಿನದು, ಆಳವಾದ ಕೆಂಪು ಇನ್ನೂರಕ್ಕೂ ಮೇಲಿನದು.

ಬೇಲಿಯಿಲ್ಲದ ಮನೆ ಹೇಗಿರುತ್ತದೆಂಬುದಕ್ಕೆ ಮಂಗಳಗ್ರಹ ಸಾಕ್ಷಿ. ಅದಕ್ಕೆ ಇಡಿಯ ಗ್ರಹವನ್ನು ಕಾಯುವ ಕಾಂತಕ್ಷೇತ್ರವಿಲ್ಲ. ಸೂರ್ಯನ ಗಾಳಿ ನೇರವಾಗಿ ಅದರ ಮೇಲಿನ ವಾಯುಪದರಕ್ಕೇ ತಾಗಿ, ಅಲ್ಲಿಯೇ ಪ್ರವಾಹಗಳನ್ನು ಎಬ್ಬಿಸಿ, ಇದ್ದ ಗಾಳಿಯನ್ನೂ ತುಸು ತುಸುವಾಗಿ ಕೆರೆದೊಯ್ಯುತ್ತಿದೆ. 2014ರಲ್ಲಿ ಅಲ್ಲಿಗೆ ಸೇರಿದ ಮೇವೆನ್ ನೌಕೆಯ ಅಳತೆಗಳಿಂದ ಆ ಪ್ರವಾಹಗಳ ನಕ್ಷೆಯೂ ಸಿದ್ಧವಾಗಿದೆ.

ಕೊಲಾಬಾದ ಸೂಜಿ

ಮುಗಿಲಿನಾಚೆಯ ಈ ವಿಚಾರ ತಮಗೇಕೆ ಎಂದು ಸಂಸಾರಸ್ಥರು ಕೇಳಬಹುದು. ಉತ್ತರದ ಒಂದಂಶ ಮುಂಬಯಿಯಲ್ಲಿದೆ.

ಮುಂಬಯಿಯ ಕೊಲಾಬಾದಲ್ಲಿ 1841ರಿಂದ ಭೂಕಾಂತದ ಅಳತೆ ನಡೆಯುತ್ತಿತ್ತು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬಾತನು ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ, ಕಲೆಗಳ ನಡುವೆ ಬೆಳ್ಳನೆಯ ಬೆಂಕಿಯೊಂದು ಹೊತ್ತಿ ಕೆಲವೇ ನಿಮಿಷಗಳಲ್ಲಿ ಆರಿದ್ದನ್ನು ಕಂಡನು. ನಾಲ್ಕು ದಿನ ಹಿಡಿಯುವ ಹಾದಿಯನ್ನು ಅಂದಿನ ಗಾಳಿ ಹದಿನೇಳೂವರೆ ಗಂಟೆಗಳಲ್ಲಿ ಮುಗಿಸಿತು. ಮರುದಿನ ಬೆಳಗ್ಗೆ ಮುಂಬಯಿಯಲ್ಲಿ ಆಕಾಶ ಎಂದಿನಂತೆಯೇ ಇದ್ದಿರಬೇಕು. ಹಗಲಿನಲ್ಲಿ ಯಾವ ಪ್ರಭೆಯೂ ಕಾಣುವಂತಿಲ್ಲ. ಕೊಲಾಬಾದ ಸೂಜಿಗೆ ಮಾತ್ರ ತಿಳಿಯಿತು. ಅಲ್ಲಿನ ಭೂಕಾಂತದ ಬಲವು ಸುಮಾರು 1,600 ಮಾನಗಳಷ್ಟು, ಅಂದರೆ ನೂರರಲ್ಲಿ ನಾಲ್ಕು ಪಾಲಿನಷ್ಟು, ದಿಢೀರನೆ ಕುಸಿಯಿತು. ಅದನ್ನು ನೋಡಿ ಬರೆದಿಟ್ಟ ನೌಕರರ ಹೆಸರನ್ನು ಇಂದು ಕೇಳುವವರಿಲ್ಲ. ಆ ಬಿರುಗಾಳಿಯ ಪ್ರಮಾಣ ತಿಳಿಯಬೇಕಾದರೆ ಇಂದಿಗೂ ಜಗತ್ತಿನ ವಿಜ್ಞಾನಿಗಳು ತೆರೆಯುವುದು ಕೊಲಾಬಾದ ಆ ಪುಟಗಳನ್ನೇ. ಅದೇ ಬಿರುಗಾಳಿಯಲ್ಲಿ ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲೆಂಡ್ ನಡುವಿನ ತಂತಿಕಚೇರಿಯವರು ಬ್ಯಾಟರಿಗಳನ್ನು ಕಳಚಿಟ್ಟು, ತಂತಿಯಲ್ಲಿ ತಾನಾಗಿ ಹರಿಯುತ್ತಿದ್ದ ಆಕಾಶದ ವಿದ್ಯುತ್ತಿನಿಂದಲೇ ಸುಮಾರು ಎರಡು ಗಂಟೆ ಸಂದೇಶ ಕಳಿಸಿದರು!

ಕೊಲಾಬಾದ ಕತೆಗೆ ಬಾಲವೊಂದುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಯ ಬೀದಿಗೆ ವಿದ್ಯುತ್ ಟ್ರಾಮು ಬರುವ ಸುದ್ದಿ ಹುಟ್ಟಿತು. ಟ್ರಾಮಿನ ವಿದ್ಯುತ್ತು ಸೂಜಿಯನ್ನು ಕೆಡಿಸುವುದು ಖಂಡಿತ. ಆಕಾಶದ ಪ್ರವಾಹವನ್ನು ಅಳೆಯಬೇಕಾದರೆ ಬೀದಿಯ ಪ್ರವಾಹದಿಂದ ಓಡಬೇಕು. ನಿರ್ದೇಶಕರಾಗಿದ್ದ ನಾನಾಭಾಯ್ ಮೂಸ್ ಅವರು ಕಡಲಾಚೆಯ ಅಲಿಬಾಗಿನಲ್ಲಿ, ಕಬ್ಬಿಣದ ಸೋಂಕಿಲ್ಲದಂತೆ ಕಲ್ಲು, ಮರ, ಹಿತ್ತಾಳೆ, ತಾಮ್ರಗಳಿಂದಲೇ ಹೊಸ ವೀಕ್ಷಣಾಲಯವನ್ನು ಕಟ್ಟಿಸಿದರು. 1904ರಿಂದ 1906ರವರೆಗೆ ಎರಡು ಕಡೆಯೂ ಏಕಕಾಲಕ್ಕೆ ಅಳತೆ ನಡೆಸಿ, ತಾಳೆ ನೋಡಿ, ಆ ಮೇಲೆಯೇ ಕೊಲಾಬಾವನ್ನು ನಿಲ್ಲಿಸಿದರು. 1907ರಲ್ಲಿ ಟ್ರಾಮು ಓಡಿತು. ಅಳತೆಯ ಸರಪಣಿ ಕಡಿಯಲಿಲ್ಲ.

1859ರಲ್ಲಿ ಲೋಕದಲ್ಲಿದ್ದ ತಂತಿ ಅಷ್ಟಿಷ್ಟು. ಈಗ ಊರೂರಿಗೂ ವಿದ್ಯುತ್ ಮಾರ್ಗಗಳ ಜಾಲ. ಮೇಲಿನ ಪ್ರವಾಹ ಏರಿಳಿದಾಗ ಕೆಳಗಿನ ಉದ್ದನೆಯ ತಂತಿಗಳಲ್ಲಿಯೂ ಪ್ರವಾಹ ಹುಟ್ಟುತ್ತದೆ. ಟ್ರಾನ್ಸ್‌ಫಾರ್ಮರುಗಳು ಕಾದು ಕೆಡುತ್ತವೆ. 1989ರ ಮಾರ್ಚ್ 13ರ ನಡುರಾತ್ರಿ ಕಳೆದು ಮೂರು ಗಂಟೆಯಾಗುವ ಮೊದಲು, ಕೆನಡದ ಕ್ವಿಬೆಕ್ ಪ್ರಾಂತದ ವಿದ್ಯುತ್ ವ್ಯವಸ್ಥೆ ಒಂದೂವರೆ ನಿಮಿಷದಲ್ಲಿ ಕುಸಿದು ಬಿದ್ದಿತು. ಹೊರಗೆ ಹಿಮದ ಚಳಿ. ಅರವತ್ತು ಲಕ್ಷ ಜನರಿಗೆ ಒಂಬತ್ತು ಗಂಟೆ ಕಾಲ ದೀಪವಿಲ್ಲ, ಬೆಚ್ಚನೆಯ ಒಲೆಯಿಲ್ಲ. ಅಲ್ಲಿನ ನೆಲದಡಿಯ ಗಟ್ಟಿಬಂಡೆ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದ ಕಾರಣ, ಹುಟ್ಟಿದ ಪ್ರವಾಹವೆಲ್ಲ ತಂತಿಯನ್ನೇ ಹಿಡಿದಿತ್ತು. 2022ರ ಫೆಬ್ರವರಿಯಲ್ಲಿ, ಅಷ್ಟೇನೂ ದೊಡ್ಡದಲ್ಲದ ಬಿರುಗಾಳಿಯೊಂದು ವಾಯುಮಂಡಲವನ್ನು ಕಾಯಿಸಿ ಉಬ್ಬಿಸಿದ್ದರಿಂದ, ಆಗತಾನೆ ಹಾರಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಮೇಲೇರಲಾರದೆ ಬಿದ್ದು ಸುಟ್ಟುಹೋದವು.

ಹಾಗಾದರೆ ಮುನ್ಸೂಚನೆ ಪಡೆಯುವ ಬಗೆ? 2023ರ ಸೆಪ್ಟೆಂಬರ್ 2ರಂದು ಭಾರತ ಹಾರಿಸಿದ ಆದಿತ್ಯ-ಎಲ್1 ನೌಕೆಯು, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನ ಕಡೆಗೆ ತನ್ನ ನೆಲೆಯನ್ನು ಸೇರಿತು. ಅದರ ಕಾಂತಮಾಪಕ ಸಿದ್ಧವಾದದ್ದು ಬೆಂಗಳೂರಿನಲ್ಲಿ. ಸೂರ್ಯನ ಹೊರಕವಚವನ್ನು ನೋಡುವ ಅದರ ದೂರದರ್ಶಕ ರೂಪುಗೊಂಡದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆಯ ಆವರಣದಲ್ಲಿ. ಗಾಳಿಯು ಹೊತ್ತು ತರುವ ಕಾಂತಕ್ಷೇತ್ರ ಉತ್ತರಕ್ಕೆ ಮುಖ ಮಾಡಿದೆಯೋ ದಕ್ಷಿಣಕ್ಕೋ ಎಂಬುದು ಅಂತಹ ನೌಕೆಯನ್ನು ದಾಟುವಾಗಲೇ ತಿಳಿಯಬೇಕು. ಅಲ್ಲಿಂದ ಭೂಮಿಗೆ ಸಾಮಾನ್ಯ ಗಾಳಿಯಾದರೆ ಒಂದು ಗಂಟೆಯ ದಾರಿ. ಬಿರುಗಾಳಿಯಾದರೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಕಡಮೆ. ವಿದ್ಯುತ್ ಕೇಂದ್ರಗಳವರು ಹೊರೆಯಿಳಿಸಿಕೊಂಡು ಸಿದ್ಧರಾಗಲು ಸಿಗುವ ಕಾಲ ಅಷ್ಟೇ.

ನೌಕೆ ನೆಲೆ ಸೇರಿದ ನಾಲ್ಕು ತಿಂಗಳಿಗೆ, 2024ರ ಮೇ 10ರಂದು, ಇಪ್ಪತ್ತು ವರ್ಷಗಳಲ್ಲಿ ಕಾಣದಂತಹ ಬಿರುಗಾಳಿ ಭೂಮಿಗೆ ಬಡಿಯಿತು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ, ಅದೇ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಕ್ಯಾಮೆರಾ ಅಲ್ಲಿ ರಾತ್ರಿಯೆಲ್ಲ ತೆರೆದಿರುತ್ತದೆ. ಧ್ರುವದಿಂದ ಅಷ್ಟು ದೂರದ ಆ ಊರಿನಲ್ಲಿ, ಮೇ 11ರ ಬೆಳಗಿನ ಜಾವ, ಆ ಕ್ಯಾಮೆರಾದ ಚಿತ್ರಗಳಲ್ಲಿ ಉತ್ತರದ ಬೆಟ್ಟಸಾಲಿನ ಮೇಲೆ ಕುಂಕುಮ ಚೆಲ್ಲಿದಂತಹ ಕೆಂಪೊಂದು ಮೂಡಿ, ಗಂಟೆಗಳ ಕಾಲ ನಿಂತು, ಬೆಳಕು ಹರಿಯುವ ಮೊದಲು ಮಾಸಿತು.